ಕೌಂಟಿ ಮೇಳದಲ್ಲಿ ಹಾಲಿನ ಮೇಕೆಗಳು: ಬಹುಮಾನಕ್ಕಿಂತ ತೀರ್ಪಿನ ಕಾರಣ ಮುಖ್ಯ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಕೌಂಟಿ ಎಂಬುದು ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ವಿಭಾಗ. ಅನೇಕ ಕೌಂಟಿಗಳಲ್ಲಿ ಪ್ರತಿ ವರ್ಷ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ಕೃಷಿ ಮೇಳ ನಡೆಯುತ್ತದೆ. 1807ರಲ್ಲಿ ಮೆಸಾಚುಸೆಟ್ಸ್ ರಾಜ್ಯದ ಪಿಟ್ಸ್‌ಫೀಲ್ಡ್ ಊರಿನ ಚೌಕದಲ್ಲಿ ಎಲ್ಕಾನಾ ವಾಟ್ಸನ್ ಎಂಬುವರು ಎರಡು ಮೆರಿನೋ ಕುರಿಗಳನ್ನು ಪ್ರದರ್ಶನಕ್ಕೆ ಇಟ್ಟರು. ಈ ಮೇಳಗಳಿಗೆ ಅದೇ ನಾಂದಿಯೆಂದು ಹೇಳುವುದು ವಾಡಿಕೆ. ಒಳ್ಳೆಯ ಪ್ರಾಣಿಯನ್ನು ರೈತರು ಕಣ್ಣಾರೆ ಕಾಣಬೇಕೆಂಬುದೇ ಅಂದಿನ ಉದ್ದೇಶವಾಗಿತ್ತು. ಇಂದಿನ ಉದ್ದೇಶವೂ ಅದೇ.

ಹಾಲಿನ ಮೇಕೆಗಳ ಪ್ರದರ್ಶನ ಈ ಮೇಳಗಳ ಒಂದು ಅಂಗ. ಇದರಲ್ಲಿ ಭಾಗವಹಿಸುವವರಲ್ಲಿ ಬಹಳ ಮಂದಿ ನಾಲ್ಕಾರು ಮೇಕೆಗಳನ್ನು ಸಾಕಿದ ಸಣ್ಣ ಕುಟುಂಬದವರು. ಮಕ್ಕಳು ‘ಫೋರ್-ಎಚ್’ ಎಂಬ ಯುವಕ ಸಂಘದ ಸದಸ್ಯರಾಗಿ ತಮ್ಮ ಮೇಕೆಗಳನ್ನು ತಾವೇ ಕಣಕ್ಕೆ ತರುತ್ತಾರೆ. ಈ ಸಂಘಗಳನ್ನು ಆಯಾ ರಾಜ್ಯದ ಭೂ-ಅನುದಾನ ವಿಶ್ವವಿದ್ಯಾನಿಲಯದ ವಿಸ್ತರಣಾ ವಿಭಾಗ ನಡೆಸುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 1964ರಲ್ಲಿ ಸ್ಥಾಪನೆಯಾದದ್ದು ಇದೇ ಭೂ-ಅನುದಾನ ಮಾದರಿಯಲ್ಲಿ.

ಮೇಳಕ್ಕೆ ಮುನ್ನ

ಕುಟುಂಬದ ಸಿದ್ಧತೆ ಮೇಳಕ್ಕೆ ತಿಂಗಳುಗಳ ಮೊದಲೇ ಆರಂಭವಾಗುತ್ತದೆ. ಮರಿಯಾಗಿದ್ದಾಗಲೇ ಮೇಕೆಯ ಕಿವಿಯಲ್ಲಿ ಗುರುತಿನ ಹಚ್ಚೆ ಹಾಕಿಸುತ್ತಾರೆ. ಲಾಮಾಂಚ ತಳಿಯ ಕಿವಿಗಳು ತೀರ ಚಿಕ್ಕವಾದ್ದರಿಂದ ಅವುಗಳಿಗೆ ಬಾಲದ ಬುಡದಲ್ಲಿ ಹಚ್ಚೆ ಹಾಕುವ ಪದ್ಧತಿಯಿದೆ. ಕೊರಳಪಟ್ಟಿ ಹಿಡಿದು ನಿಧಾನವಾಗಿ ನಡೆಯುವುದನ್ನೂ ನಾಲ್ಕು ಕಾಲುಗಳನ್ನು ಸಮನಾಗಿಟ್ಟು ನಿಲ್ಲುವುದನ್ನೂ ಮಕ್ಕಳು ಮೇಕೆಗೆ ದಿನವೂ ಕಲಿಸುತ್ತಾರೆ. ಮೇಳದ ಮುಂಚಿನ ವಾರಗಳಲ್ಲಿ ಗೊರಸುಗಳನ್ನು ಹೆರೆದು ಕೂದಲನ್ನು ಕತ್ತರಿಸುತ್ತಾರೆ. ಮೇವು ದಿಢೀರನೆ ಬದಲಾದರೆ ಹೊಟ್ಟೆ ಕೆಟ್ಟು ಹಾಲು ಇಳಿಯುವುದರಿಂದ ಮನೆಯ ಒಣಹುಲ್ಲನ್ನೇ ಜೊತೆಗೆ ಒಯ್ಯುತ್ತಾರೆ.

ಮಕ್ಕಳು ಒಂದು ಲೆಕ್ಕದ ಪುಸ್ತಕವನ್ನೂ ಇಡುತ್ತಾರೆ. ಕೊಂಡ ಹಿಂಡಿ, ಕರೆದ ಹಾಲು, ಔಷಧದ ಖರ್ಚು, ಮರಿ ಮಾರಿದ ಹಣ ಇವೆಲ್ಲವನ್ನೂ ಅದರಲ್ಲಿ ಬರೆಯಬೇಕು.

ಅಂಕಗಳ ಹಂಚಿಕೆ

1904ರಲ್ಲಿ ಸ್ಥಾಪನೆಯಾದ ಅಮೆರಿಕದ ಹಾಲು ಮೇಕೆ ಸಂಘದ ಅಂಕಪಟ್ಟಿಯಲ್ಲಿ ಈದ ಮೇಕೆಗೆ 100 ಅಂಕಗಳು ಹೀಗೆ ಹಂಚಿಕೆಯಾಗಿವೆ:

1. ಸಾಮಾನ್ಯ ಮೈಕಟ್ಟು, ಕಾಲು ಮತ್ತು ಗೊರಸು: 35
2. ಹಾಲಿನ ಪ್ರಾಣಿಯ ಲಕ್ಷಣ ಮತ್ತು ಕಸುವು: 20
3. ಒಡಲಿನ ಸಾಮರ್ಥ್ಯ: 10
4. ಕೆಚ್ಚಲು: 35

ಇನ್ನೂ ಈಯದ ಎಳೆಯ ಮೇಕೆಗೆ ಕೆಚ್ಚಲಿನ ಅಂಕವಿಲ್ಲ. ಅದಕ್ಕೆ ಮೊದಲ ಮೂರು ಅಂಶಗಳಿಗೆ ಕ್ರಮವಾಗಿ 55, 30 ಮತ್ತು 15 ಅಂಕಗಳಿವೆ.

ಮೇಕೆಯ ಬಣ್ಣಕ್ಕಾಗಲಿ ಅಲಂಕಾರಕ್ಕಾಗಲಿ ಇಲ್ಲಿ ಹೆಚ್ಚು ಬೆಲೆಯಿಲ್ಲ. ಕೆಚ್ಚಲು ಎಷ್ಟು ದೊಡ್ಡದಾಗಿದೆ ಎಂಬುದಕ್ಕಿಂತ ಅದು ಹೊಟ್ಟೆಗೂ ಹಿಂಗಾಲುಗಳ ನಡುವೆಯೂ ಎಷ್ಟು ಬಿಗಿಯಾಗಿ ಕೂಡಿಕೊಂಡಿದೆ ಎಂಬುದನ್ನು ತೀರ್ಪುಗಾರರು ನೋಡುತ್ತಾರೆ. ಜೋತುಬಿದ್ದ ಕೆಚ್ಚಲು ನಡೆಯುವಾಗ ಕಾಲಿಗೆ ತಾಗುತ್ತದೆ, ಗಾಯಗೊಳ್ಳುತ್ತದೆ. ಕೆಚ್ಚಲು ಬಾವಿಗೂ ದಾರಿಯಾಗುತ್ತದೆ. ಗೊರಸಿನ ಮೇಲಿನ ಕೀಲು ಕುಸಿದ ಮೇಕೆ ಮೂರು ನಾಲ್ಕು ಸೂಲುಗಳಾಗುವಷ್ಟರಲ್ಲಿ ಮೇಯಲು ನಡೆಯಲಾರದು. ಒಟ್ಟಿನಲ್ಲಿ ಅಂಕಪಟ್ಟಿ ಕೇಳುವ ಪ್ರಶ್ನೆ ಒಂದೇ: ಈ ಮೇಕೆ ಎಷ್ಟು ವರ್ಷ ಹಾಲು ಕೊಟ್ಟೀತು?

ತುಂಬಿದ ಕೆಚ್ಚಲಿನ ಆಸೆ

ಪ್ರದರ್ಶನದ ಹಿಂದಿನ ರಾತ್ರಿ ಪ್ರತಿ ಕುಟುಂಬಕ್ಕೂ ಒಂದು ಪರೀಕ್ಷೆ ಎದುರಾಗುತ್ತದೆ. ಹಾಲು ಕರೆಯದೆ ಬಿಟ್ಟರೆ ಮರುದಿನ ಕೆಚ್ಚಲು ತುಂಬಿ ದೊಡ್ಡದಾಗಿ ಕಾಣುತ್ತದೆ. ಬಹುಮಾನ ಬೇಕೆಂಬ ಹುಡುಗಿಗೆ ಇದು ಸುಲಭದ ಉಪಾಯವೆಂದು ತೋರಬಹುದು. ಆದರೆ ಮಿತಿ ಮೀರಿ ತುಂಬಿದ ಕೆಚ್ಚಲು ನೋಯುತ್ತದೆ. ಮೇಕೆ ಹಿಂಗಾಲುಗಳನ್ನು ಅಗಲಿಸಿ ನಡೆಯುತ್ತದೆ, ಮೇವು ಬಿಡುತ್ತದೆ, ತೊಟ್ಟಿನಿಂದ ಹಾಲು ಸೋರಬಹುದು. ತೆರೆದ ತೊಟ್ಟಿನ ಮೂಲಕ ರೋಗಾಣುಗಳು ಒಳಸೇರುತ್ತವೆ. ಕೆಚ್ಚಲು ಬಾವು ತಗುಲಿದರೆ ಆ ಸೂಲಿನ ಹಾಲೇ ನಷ್ಟವಾಗಬಹುದು. ಅನುಭವಿ ತೀರ್ಪುಗಾರರು ಚರ್ಮದ ಹೊಳಪಿನಿಂದಲೂ ನಡಿಗೆಯಿಂದಲೂ ಇದನ್ನು ಗುರುತಿಸಬಲ್ಲರು. ಹಾಲು ಕರೆದ ಮೇಲೆ ಒಳ್ಳೆಯ ಕೆಚ್ಚಲು ಮೆತ್ತಗೆ ಮಡಿಸಿಕೊಳ್ಳುತ್ತದೆ. ಗಂಟುಕಟ್ಟಿದ ಕೆಚ್ಚಲು ಹಾಗೆಯೇ ಉಳಿಯುತ್ತದೆ.

ತಿಳಿದ ಕುಟುಂಬದವರು ಪ್ರದರ್ಶನದ ವೇಳೆಯಿಂದ ಹಿಂದಕ್ಕೆ ಲೆಕ್ಕ ಹಾಕಿ, ದಿನನಿತ್ಯದ ಸುಮಾರು 12 ಗಂಟೆಗಳ ಅಂತರ ಮೀರದಂತೆ ಹಾಲು ಕರೆಯುತ್ತಾರೆ. ಕಣದಿಂದ ಹೊರಬಂದ ಕೂಡಲೇ ಮೊದಲು ಮಾಡುವ ಕೆಲಸವೂ ಹಾಲು ಕರೆಯುವುದೇ.

ಕಣದಲ್ಲಿ ಕಲಿಯುವುದು

ಮಕ್ಕಳು ಮೇಕೆಗಳನ್ನು ಸುತ್ತು ನಡೆಸುತ್ತಾರೆ. ತೀರ್ಪುಗಾರರಿಗೂ ಮೇಕೆಗೂ ನಡುವೆ ತಾವು ಅಡ್ಡ ಬರಬಾರದೆಂಬುದು ನಿಯಮ. ಸಾಲನ್ನು ಸೇರಿಸಿದ ನಂತರ ತೀರ್ಪುಗಾರರು ಕಾರಣಗಳನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಮೊದಲ ಮೇಕೆಯ ಮುಂಗೆಚ್ಚಲಿನ ಬಿಗಿ ಎರಡನೆಯದಕ್ಕಿಂತ ಮೇಲು, ಎರಡನೆಯದರ ಬೆನ್ನು ಮೂರನೆಯದಕ್ಕಿಂತ ನೇರ ಎಂದು ಜೋಡಿ ಜೋಡಿಯಾಗಿ ಹೋಲಿಸುತ್ತಾರೆ. ಮೊದಲ ಸ್ಥಾನಕ್ಕೆ ನೀಲಿ ರಿಬ್ಬನ್, ಎರಡನೆಯದಕ್ಕೆ ಕೆಂಪು ರಿಬ್ಬನ್ ದೊರೆಯುತ್ತದೆ.

ಕೆಂಪು ರಿಬ್ಬನ್ ಪಡೆದ ಹುಡುಗಿಗೆ ಬೇಸರವಾಗುವುದು ಸಹಜ. ಆದರೆ ತನ್ನ ಮೇಕೆಯ ಮುಂಗೆಚ್ಚಲು ಸಡಿಲವೆಂಬ ಮಾತನ್ನು ಅವಳು ಪುಸ್ತಕದಲ್ಲಿ ಬರೆದುಕೊಂಡರೆ ಅದು ಶರತ್ಕಾಲದಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿನ ಹೆಚ್ಚಿನ ಮೇಕೆಗಳು ಬೆದೆಗೆ ಬರುವುದು ಆಗಲೇ. ಯಾವ ಹೋತದ ತಾಯಿಗೂ ಅಕ್ಕತಂಗಿಯರಿಗೂ ಬಿಗಿಯಾದ ಕೆಚ್ಚಲಿದೆಯೋ ಅದನ್ನು ಆರಿಸಬೇಕು. ಸುಮಾರು 150 ದಿನಗಳಲ್ಲಿ ಹುಟ್ಟುವ ಹೆಣ್ಣುಮರಿ ಆ ದೋಷವನ್ನು ತಿದ್ದುವ ಸಂಭವವಿದೆ. ಬಹುಮಾನದ ನಿಜವಾದ ಲಾಭ ಇದು.

ಮರಳಿ ಬಂದ ಮೇಲೆ

ಅನೇಕ ಮಂದೆಗಳು ಸೇರುವ ಕಡೆ ರೋಗವೂ ಸೇರುತ್ತದೆ. ಮೈಮೇಲೆ ಗಡ್ಡೆ, ಬಾಯಿಹುಣ್ಣು, ಹುಳುಕಡ್ಡಿ ಇದ್ದ ಮೇಕೆಯನ್ನು ಆರೋಗ್ಯ ತಪಾಸಣೆಯಲ್ಲಿ ಹಿಂದಕ್ಕೆ ಕಳಿಸುತ್ತಾರೆ. ಆದರೂ ಎಲ್ಲವೂ ಕಣ್ಣಿಗೆ ಬೀಳುವುದಿಲ್ಲ. ಮೇಕೆಗಳ ಕೀಲುನೋವು–ಮಿದುಳಿನ ಉರಿಯೂತದ ವೈರಸ್ ರೋಗವು ಮುಖ್ಯವಾಗಿ ತಾಯಿಯ ಗಿಣ್ಣುಹಾಲಿನಿಂದ ಮರಿಗೆ ಹರಡುತ್ತದೆ. ಅದಕ್ಕೆ ಚಿಕಿತ್ಸೆಯೂ ಇಲ್ಲ, ಲಸಿಕೆಯೂ ಇಲ್ಲ. ಇದನ್ನು ರಕ್ತಪರೀಕ್ಷೆಯಿಂದ ಮಾತ್ರ ಮೊದಲೇ ತಿಳಿಯಬಹುದು. ಆದ್ದರಿಂದ ಮೇಳದಿಂದ ಬಂದ ಮೇಕೆಗಳನ್ನು ಮೂರು ನಾಲ್ಕು ವಾರ ಬೇರೆಯಾಗಿ ಕಟ್ಟಿ, ಅವುಗಳ ಹಾಲನ್ನು ಕೊನೆಯಲ್ಲಿ ಕರೆಯುವುದು ಕ್ಷೇಮ.

ನಮ್ಮವರಿಗೆ ಇದರ ಪ್ರಯೋಜನ

ಆ ಕಣಗಳಲ್ಲಿ ಕಾಣುವ ನ್ಯೂಬಿಯನ್ ತಳಿಯ ಜೋಲುಗಿವಿಯಲ್ಲಿ ನಮ್ಮ ದೇಶದ ಜಮ್ನಾಪಾರಿಯ ರಕ್ತವೂ ಇದೆ. ಇಂಗ್ಲೆಂಡಿನಲ್ಲಿ ಮಾಡಿದ ಮಿಶ್ರ ತಳಿ ಅದು. ಅಲ್ಲಿಂದ ನಾವು ಪಡೆಯಬೇಕಾದದ್ದು ರಿಬ್ಬನ್‌ಗಳನ್ನಲ್ಲ, ಕಾರಣ ಹೇಳುವ ಪದ್ಧತಿಯನ್ನು. ನಮ್ಮ ಪಶು ಮೇಳಗಳಲ್ಲಿಯೂ ವಿಸ್ತರಣಾ ಕಾರ್ಯಕರ್ತರು ಮೊದಲ ಮೂರು ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸಿ, ಒಂದು ಇನ್ನೊಂದಕ್ಕಿಂತ ಏಕೆ ಮೇಲೆಂದು ರೈತರೆದುರು ವಿವರಿಸಬಹುದು. ಸೋತ ರೈತನಿಗೂ ಆಗ ಮನೆಗೆ ಒಯ್ಯಲು ಒಂದು ಪಾಠವಿರುತ್ತದೆ.