ಪ್ರೊಪೆಲ್ಲರ್‌ಗೆ ಕಲ್ಲು ಬಡಿದರೆ?

ಸೆಸ್ನಾ 182ಟಿ ಎಂಬುದು ಅಮೆರಿಕದ ನಾಲ್ಕು ಸೀಟಿನ ವಿಮಾನ. ಅದರ ಮೂತಿಯಲ್ಲಿರುವ ಪ್ರೊಪೆಲ್ಲರ್‌ನ ಅಲಗುಗಳು ಬೇಕಾದಷ್ಟೇ ಓರೆಯಾಗುತ್ತವೆ. ಗವರ್ನರ್ ಎಂಬ ಸಾಧನವು ಎಂಜಿನ್ ಆಯಿಲಿನ ಒತ್ತಡದಿಂದ ಈ ಓರೆಯನ್ನು ಹೆಚ್ಚು ಕಡಿಮೆ ಮಾಡಿ, ಸುತ್ತುವ ವೇಗವನ್ನು ಒಂದೇ ಸಮ ಇಡುತ್ತದೆ. ಟೇಕಾಫ್‌ನಲ್ಲಿ ನಿಮಿಷಕ್ಕೆ 2400 ಸುತ್ತು!

ಹಾರುವ ಮುಂಚೆ ಅಲಗಿನ ಮುಂದಿನ ಅಂಚನ್ನು ಬೆರಳಾಡಿಸಿ ನೋಡುತ್ತಾರೆ. (ಇಗ್ನಿಷನ್ ಆಫ್ ಮಾಡಿಯೇ ಮುಟ್ಟಬೇಕು. ಆಫ್ ಇದ್ದರೂ ತಿರುಗೀತು ಅಂತ ಹೆದರಿಕೆ ಇರಲಿ!) ನೆಲದ ಕಲ್ಲು ಸಿಡಿದು ಕಚ್ಚು ಬಿದ್ದಿರುತ್ತದೆ. ಸಣ್ಣದು ತಾನೇ ಅಂತ ಬಿಟ್ಟರೆ ಅಲ್ಲಿಂದಲೇ ಬಿರುಕು ಶುರುವಾಗಿ, ಹಾರುವಾಗ ತುದಿಯೇ ಮುರಿದುಹೋಗಬಹುದು. ಆ ನಡುಕಕ್ಕೆ ಎಂಜಿನ್ನೇ ಕಿತ್ತು ಬಂದೀತು. ಅದಕ್ಕೇ ಮೆಕ್ಯಾನಿಕ್ ಕಚ್ಚನ್ನು ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಅಳತೆ ಮೀರಿ ಉಜ್ಜಿದರೂ ಅಲಗು ಹಾಳು. ಬುಡದಲ್ಲಿ ಆಯಿಲು, ಗ್ರೀಸು ಜಿನುಗಿದ್ದರೂ ಅವರು ನೋಡುವ ತನಕ ಹಾರಿಸಬಾರದು.