ಔಷಧಕ್ಕೆ ದಾರಿ ಗೊತ್ತೇ? ಹೃದಯದ ಪಾಠಕ್ಕೆ ನ್ಯಾನೊಕಣಗಳನ್ನು ಸೇರಿಸಿದ ಅನುಭವ

ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಘಟಕದಲ್ಲಿ ಹೃದಯದ ಭಾಗ ಮುಗಿದ ಮೇಲೆ ಒಂದು ಅವಧಿಯನ್ನು ಪೂರಕ ವಿಷಯಕ್ಕೆ ಬಳಸಲು ನನಗೆ ಅನುಮತಿ ಸಿಕ್ಕಿತ್ತು. ಹೃದಯಾಘಾತದಿಂದ ಹಾನಿಗೊಂಡ ಸ್ನಾಯುವಿಗೆ ನ್ಯಾನೊಕಣಗಳ ಮೂಲಕ ಔಷಧ ತಲುಪಿಸುವ ಸಂಶೋಧನೆಯನ್ನು ಆರಿಸಿಕೊಂಡೆ. ಪಾಠವನ್ನು ‘ಎ’ ವಿಭಾಗದಲ್ಲಿ ಒಮ್ಮೆ, ಎರಡು ದಿನ ಬಿಟ್ಟು ‘ಬಿ’ ವಿಭಾಗದಲ್ಲಿ ಮತ್ತೊಮ್ಮೆ ಮಾಡಿದೆ. ಪಾಠಯೋಜನೆಯ ತಲೆಬರಹ ಒಂದೇ ಆದರೂ ಎರಡೂ ಒಂದೇ ಪಾಠವೆಂದು ಹೇಳಲಾರೆ.

ಮೊದಲ ದಿನದ ಪೀಠಿಕೆಯಲ್ಲಿ ತೊಂದರೆ ಇರಲಿಲ್ಲ. ಕರೋನರಿ ಅಪಧಮನಿ ಕಟ್ಟಿಕೊಂಡರೆ ಅರ್ಧ ಗಂಟೆಯ ಆಸುಪಾಸಿನಲ್ಲೇ ಸ್ನಾಯುಕೋಶಗಳು ಸಾಯತೊಡಗುತ್ತವೆ. ಚರ್ಮದ ಗಾಯ ಮಾಯುವಂತೆ ಅಲ್ಲಿ ಹೊಸ ಸ್ನಾಯು ತುಂಬಿಕೊಳ್ಳುವುದಿಲ್ಲ. ಸಂಕುಚಿಸಲಾರದ ಕಲೆ ಉಳಿಯುತ್ತದೆ. 25ರ ವಯಸ್ಸಿನಲ್ಲೂ ಹೃದಯದ ಸ್ನಾಯುಕೋಶಗಳಲ್ಲಿ ವರ್ಷಕ್ಕೆ ಹೊಸದಾಗುವುದು ಶೇ. 1ರಷ್ಟು ಮಾತ್ರ. ಇನ್ನು ನುಂಗಿದ ಮಾತ್ರೆ ರಕ್ತದಲ್ಲಿ ಬೆರೆತು ಮೈಯೆಲ್ಲ ಸುತ್ತುತ್ತದೆ. ವಿಶ್ರಾಂತಿಯಲ್ಲಿ ಹೃದಯ ಪಂಪು ಮಾಡುವ ರಕ್ತದಲ್ಲಿ ಅದರ ಸ್ವಂತ ಸ್ನಾಯುವಿಗೆ ಸಿಗುವುದು ಸುಮಾರು ಶೇ. 5. ಇಲ್ಲಿಯವರೆಗೆ ಮಕ್ಕಳು ಚೆನ್ನಾಗಿ ಬಂದರು.

ಆಮೇಲೆ ಕಪ್ಪುಹಲಗೆಯ ಮೇಲೆ ಚೀಲ ಹೊತ್ತ ಅಂಚೆಯಣ್ಣನ ಚಿತ್ರ ಬರೆದು, “ಈ ಕಣಕ್ಕೆ ವಿಳಾಸ ಗೊತ್ತು. ನೇರವಾಗಿ ಗಾಯದ ಜಾಗಕ್ಕೆ ಹೋಗುತ್ತದೆ, ಔಷಧ ಕೊಡುತ್ತದೆ” ಎಂದೆ. ತರಗತಿ ಖುಷಿಪಟ್ಟಿತು. ಮೌಲ್ಯಮಾಪನದ ಪ್ರಶ್ನೆಗಳಿಗೆ ಹಿಂದಿನ ಬೆಂಚಿನವರೂ ಉತ್ತರ ಕೊಟ್ಟರು. ವೀಕ್ಷಣಾ ಪುಸ್ತಕದಲ್ಲಿ ‘ಉತ್ತಮ ಸಾದೃಶ್ಯ’ ಎಂಬ ಷರಾ ಬಂತು.

ಗಂಟೆ ಹೊಡೆದ ಮೇಲೆ ಒಬ್ಬ ಹುಡುಗ ಮೇಜಿನ ಹತ್ತಿರ ಬಂದ. ಅವನ ತಂದೆಗೆ ಹಿಂದಿನ ವರ್ಷ ಹೃದಯಾಘಾತವಾಗಿತ್ತಂತೆ. “ಮಿಸ್, ಈ ಔಷಧಿ ಯಾವ ಆಸ್ಪತ್ರೇಲಿ ಕೊಡ್ತಾರೆ? ಎಷ್ಟಾಗುತ್ತೆ?” ಎಂದು ಕೇಳಿದ. ನಲವತ್ತು ನಿಮಿಷದಲ್ಲಿ ಇದು ಇಲಿಗಳ ಮೇಲಿನ ಪ್ರಯೋಗ ಎಂಬ ಮಾತು ನನ್ನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಇದಿನ್ನೂ ಸಂಶೋಧನೆಯ ಹಂತದಲ್ಲಿದೆ, ತಂದೆಯವರು ಈಗಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು ಎಂದೆ. “ಮತ್ತೆ ನೀವು ಹೋಗುತ್ತೆ ಅಂದ್ರಲ್ಲ?” ಎಂದ. ಕೋಪದಿಂದಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ.

ಅಂದು ಸಂಜೆ ಪಾಠಯೋಜನೆ ತೆಗೆದು ಕ್ರಿಯಾಪದಗಳಿಗೆಲ್ಲ ಅಡಿಗೆರೆ ಹಾಕಿದೆ. ಹೋಗುತ್ತದೆ, ಅಂಟುತ್ತದೆ, ಸರಿಪಡಿಸುತ್ತದೆ. ‘ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ’ ಎನ್ನುವಾಗ ಬಳಸುವ ರೂಪವೇ ಇದು. ಎಂದೂ ಎಲ್ಲರಿಗೂ ನಡೆಯುವುದನ್ನು ಹೇಳುವ ಮಾತು. ‘ಬಿ’ ವಿಭಾಗಕ್ಕೆ ವಾಕ್ಯ ಹೀಗೆ ತಿದ್ದಿದೆ: “2011ರಲ್ಲಿ ತಾಲ್ ದ್ವಿರ್, ರಾಬರ್ಟ್ ಲ್ಯಾಂಗರ್ ಮತ್ತು ಸಂಗಡಿಗರು ಹೃದಯಾಘಾತವಾದ ಇಲಿಗಳಿಗೆ ಸುಮಾರು 140 ನ್ಯಾನೊಮೀಟರ್ ಗಾತ್ರದ ಲೈಪೊಸೋಮ್‌ಗಳನ್ನು ಕೊಟ್ಟರು, ಅವು ಹಾನಿಗೊಂಡ ಎಡ ಹೃತ್ಕುಕ್ಷಿಯಲ್ಲಿ ಸೇರಿಕೊಂಡವು.” ಯಾರು, ಯಾವಾಗ, ಯಾವ ಪ್ರಾಣಿಯಲ್ಲಿ ಎಂಬುದು ಒಂದೇ ವಾಕ್ಯದಲ್ಲಿ ಬಂತು. ಕೇಳಲು ಸ್ವಲ್ಪ ಒಣಕಲು, ನಿಜ.

ಅಂಚೆಯಣ್ಣನನ್ನೂ ಬಿಡಬೇಕಾಯಿತು. ಕಣಕ್ಕೆ ಯಾವ ವಿಳಾಸವೂ ಗೊತ್ತಿಲ್ಲ. ರಕ್ತ ಹೋದಲ್ಲೆಲ್ಲ ಹೋಗುತ್ತದೆ. ಬಹುಪಾಲನ್ನು ಯಕೃತ್ತು ಮತ್ತು ಗುಲ್ಮದ ಭಕ್ಷಕಕೋಶಗಳು ಹಿಡಿದುಬಿಡುತ್ತವೆ. ಆದರೆ ಆಘಾತದ ನಂತರ ಕೆಲವು ದಿನ ಗಾಯದ ಸುತ್ತಲಿನ ರಕ್ತನಾಳಗಳು ಸೋರುತ್ತವೆ, ಕಣಗಳು ಹೊರಬರಲು ಸಂದು ಸಿಗುತ್ತದೆ. ಅಲ್ಲಿನ ಕೋಶಗಳ ಮೇಲೆ ಆಂಜಿಯೋಟೆನ್ಸಿನ್ ಗ್ರಾಹಕಗಳೂ ಹೆಚ್ಚಾಗಿರುತ್ತವೆ. ಅದಕ್ಕೆ ಹೊಂದುವ ಅಣುವನ್ನು ಕಣದ ಮೈಗೆ ಜೋಡಿಸಿದ್ದರಿಂದ ಅವು ಅಂಟಿ ಉಳಿದವು.

ಇದನ್ನು ತೋರಿಸಲು ಶಾಲೆಯ ಬೇಲಿಯಂಚಿನಿಂದ ಉತ್ತರಾಣಿ ತೆನೆ ಕಿತ್ತು ತಂದೆ. ಒಂದು ಹಳೆಯ ಉಣ್ಣೆಯ ಶಾಲು, ಒಂದು ಪ್ಲಾಸ್ಟಿಕ್ ಹಾಳೆ. ಮಕ್ಕಳು ಕಣ್ಣು ಮುಚ್ಚಿ ಕಾಳು ಎರಚಿದರು. ಕೊಡವಿದಾಗ ಶಾಲಿನ ಮೇಲಿನವು ಉಳಿದವು, ಹಾಳೆಯ ಮೇಲಿನವು ಜಾರಿದವು. ಬಹಳಷ್ಟು ನೆಲಕ್ಕೆ ಬಿದ್ದಿದ್ದವು. “ನೆಲ ಅಂದ್ರೆ ಲಿವರ್ರಾ ಮಿಸ್?” ಎಂದು ಒಬ್ಬಳು ಕೇಳಿದಳು. ಆ ಹೋಲಿಕೆ ನನಗೆ ಹೊಳೆದಿರಲಿಲ್ಲ.

ಗಾತ್ರದ ಕಲ್ಪನೆಗೆ ರಾಗಿ ಸಾಕಾಯಿತು. 100 ನ್ಯಾನೊಮೀಟರಿನ ಕಣವನ್ನು ಒಂದು ರಾಗಿಕಾಳೆಂದುಕೊಂಡರೆ ಕೆಂಪು ರಕ್ತಕಣ ಒಂದು ಪೂರಿಯಷ್ಟು, ಹೃದಯದ ಸ್ನಾಯುಕೋಶ ತರಗತಿಯ ಬೆಂಚಿನಷ್ಟು ಉದ್ದ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು.

1995ರಲ್ಲಿ ಅಮೆರಿಕದಲ್ಲಿ ಮಂಜೂರಾದ ಡಾಕ್ಸಿಲ್‌ನ ಕಥೆಯನ್ನು ಖಂಡಿತ ಸೇರಿಸಿ. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧ ಹೃದಯದ ಸ್ನಾಯುವನ್ನು ಕೆಡಿಸುತ್ತದೆ. ಲೈಪೊಸೋಮಿನೊಳಗೆ ತುಂಬಿದಾಗ ಆರೋಗ್ಯವಂತ ಹೃದಯದ ನಾಳಗಳಲ್ಲಿ ಸಂದಿಲ್ಲದ ಕಾರಣ ಅಲ್ಲಿ ಕಡಿಮೆ ಇಳಿಯುತ್ತದೆ. ಅಂದರೆ ಔಷಧವನ್ನು ಹೃದಯದಿಂದ ದೂರ ಇಡಲು ಬಳಸಿದ ಉಪಾಯವನ್ನೇ ಈಗ ಹೃದಯಕ್ಕೆ ತಲುಪಿಸಲು ತಿರುಗಿಸುತ್ತಿದ್ದಾರೆ. ಮುಚ್ಚಿದ ನಾಳ, ಸೋರುವ ನಾಳ ಎಂಬ ವ್ಯತ್ಯಾಸ ಮಕ್ಕಳಿಗೆ ಗಟ್ಟಿಯಾದದ್ದು ಇಲ್ಲಿ.

ಪಠ್ಯಕ್ಕೆ ಅತ್ಯಂತ ಹತ್ತಿರ ಬಂದದ್ದು 2018ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ. ಹೃದಯ ದುರ್ಬಲವಾದ ಇಲಿಗಳಿಗೆ ಕ್ಯಾಲ್ಸಿಯಂ ಫಾಸ್ಫೇಟ್ ಕಣಗಳನ್ನು ಉಸಿರಿನ ಮೂಲಕ ಕೊಟ್ಟಿದ್ದರು. “ಹೃದಯಕ್ಕೆ ಹೋಗಬೇಕಾದದ್ದನ್ನು ಶ್ವಾಸಕೋಶಕ್ಕೆ ಏಕೆ ಕೊಟ್ಟರು?” ಎಂದು ಕೇಳಿ ಸುಮ್ಮನಾದೆ. ಒಬ್ಬಳು ಎದ್ದು ಇಮ್ಮಡಿ ಪರಿಚಲನೆಯ ಚಿತ್ರಪಟದ ಮೇಲೆ ಬೆರಳಿಟ್ಟು ಪುಪ್ಪುಸಕ ಅಭಿಧಮನಿ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಅಪಧಮನಿ, ಅದರ ಬುಡದಲ್ಲೇ ಕರೋನರಿ ಎಂದು ದಾರಿ ತೋರಿಸಿದಳು. “ಲಿವರ್‌ಗಿಂತ ಮುಂಚೆ ಹಾರ್ಟ್ ಸಿಗುತ್ತೆ.” ಈ ಪ್ರಶ್ನೆಗೆ ಐದು ನಿಮಿಷ ಇಟ್ಟಿದ್ದೆ, ಹನ್ನೆರಡು ಬೇಕು.

ಮುಂದಿನ ವಾರ ‘ಎ’ ವಿಭಾಗದಿಂದ ಹತ್ತು ನಿಮಿಷ ಕೇಳಿ ಪಡೆದು ಉತ್ತರಾಣಿಯ ಚಟುವಟಿಕೆ ಮಾಡಿಸಿದೆ, ಇಲಿಗಳ ವಿಷಯ ಹೇಳಿದೆ, ಹಳೆಯ ಚಿತ್ರ ಹೊಡೆದುಹಾಕಲು ತಿಳಿಸಿದೆ. ಆ ಹುಡುಗ ಎರಡನೆಯ ಬೆಂಚಿನಲ್ಲಿ ಕುಳಿತು ‘ಇಲಿಗಳಲ್ಲಿ’ ಎಂಬ ಪದದ ಕೆಳಗೆ ಗೆರೆ ಎಳೆದುಕೊಂಡ. ಉಳಿದ ಹಲವರ ಪುಸ್ತಕಗಳಲ್ಲಿ ಅಂಚೆಯಣ್ಣ ಹಾಗೇ ಇದ್ದ. ಬಣ್ಣ ಬೇರೆ ಹಚ್ಚಿದ್ದರು.