ಮೇಲ್ಮನವಿಗೆ 60 ದಿನ

ಮುಡುಕುತೊರೆ ಜಾತ್ರೆಯಲ್ಲಿ ರೈತ ಹಲ್ಲು ನೋಡದೆ, ನಡೆಸಿ ನೋಡದೆ ಎತ್ತಿಗೆ ಬೆಲೆ ಕಟ್ಟುವುದಿಲ್ಲ. ಮನೆಮಗನ ಮೇಲೆ ಸುಪಾರಿ ಕೊಲೆಯ ಆರೋಪ ಬಂದಾಗ ಮಾತ್ರ ಗಾಬರಿಯಲ್ಲಿ ವಕೀಲರ ಬಗ್ಗೆ ವಿಚಾರಿಸದೆ ಖಾಲಿ ವಕಾಲತ್ತಿಗೆ ಹೆಬ್ಬೆಟ್ಟೊತ್ತುವವರಿದ್ದಾರೆ. ನೋಡಿದರೆ ಕರುಳು ಚುರುಕ್ ಎನ್ನುತ್ತದೆ.

ಸುಪಾರಿಯಂಥ ಸಂಚಿನ ಮೊಕದ್ದಮೆ ಹೆಚ್ಚಾಗಿ ನಿಲ್ಲುವುದೇ ಫೋನ್ ಕರೆ, ಹಣದ ಜಾಡು, ಮಾಫಿಸಾಕ್ಷಿಯ ಮಾತಿನ ಮೇಲೆ. ಪಾಟೀಸವಾಲಿನಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಹೈಕೋರ್ಟಿನಲ್ಲಿ ತುಂಬಿಕೊಳ್ಳುವುದು ಬಲು ಕಷ್ಟ; ಅಲ್ಲಿ ಓದುವುದು ಕೆಳಕೋರ್ಟಿನ ಕಡತವನ್ನೇ.

ಮಧ್ಯಪ್ರದೇಶದ ಖಂಡ್ವಾದ ಪ್ರಕರಣವೊಂದು ಕಣ್ಣು ತೆರೆಸುವಂಥದ್ದು. ಅದು ಸುಪಾರಿಯದಲ್ಲ. 2013ರಲ್ಲಿ ವಕೀಲರ ನೇಮಕವಾದ ದಿನವೇ ಆರೋಪ ನಿಗದಿಯಾಯಿತು, ಎರಡು ವಾರದೊಳಗೆ ಮರಣದಂಡನೆ! 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ ಮರುವಿಚಾರಣೆಗೆ ಆದೇಶಿಸಿತು. ಮರಣದಂಡನೆ, ಜೀವಾವಧಿಯ ಸಾಧ್ಯತೆಯಿರುವ ಮೊಕದ್ದಮೆಗಳಿಗೆ ನ್ಯಾಯಾಲಯ ನೇಮಿಸುವ ವಕೀಲರಿಗೆ ಕನಿಷ್ಠ 10 ವರ್ಷದ ಅನುಭವವಿರಬೇಕು, ಸಿದ್ಧತೆಗೆ ಸಾಮಾನ್ಯವಾಗಿ 7 ದಿನವಾದರೂ ಸಿಗಬೇಕು ಎಂದಿತು.

ಮೈಸೂರಿನ ಸೆಷನ್ಸ್ ಕೋರ್ಟ್ ಶಿಕ್ಷೆ ವಿಧಿಸಿದರೆ ತೀರ್ಪಿನ ಪ್ರತಿಯನ್ನು ಅಂದೇ ಕೇಳಬೇಕು, ಅದು ಉಚಿತ. ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 60 ದಿನ, ಮರಣದಂಡನೆಯಾದರೆ 30. ಜೈಲು ಅಧಿಕಾರಿಯ ಮೂಲಕವೂ ಸಲ್ಲಿಸಬಹುದು. ಬಂಧನದಲ್ಲಿರುವವರಿಗೆ ವರಮಾನ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ವಕೀಲರು ಪುಕ್ಕಟೆ, ಸಹಾಯವಾಣಿ 15100.